ಹತ್ತು ನಿಮಿಷದಲ್ಲಿ ಬೆಟ್ಟ ಹತ್ತಿದೆವು, ಅನ್ನ ಮಾತ್ರ ಬೇಯಲಿಲ್ಲ

ಕ್ಯಾಲಿಫೋರ್ನಿಯಾದ ಮೌಂಟ್ ಸ್ಯಾನ್ ಹಸಿಂಟೊ ಸ್ಟೇಟ್ ಪಾರ್ಕ್‌ಗೆ ನಾವು ಮೊದಲು ಹೊರಟಿದ್ದು ಸೆಪ್ಟೆಂಬರ್‌ನಲ್ಲಿ. ರಜೆ ಹಾಕಿಯಾಗಿತ್ತು, ಟೆಂಟ್ ಕೊಂಡಾಗಿತ್ತು. ಆಮೇಲೆ ಗೊತ್ತಾಯಿತು, ಪಾಮ್ ಸ್ಪ್ರಿಂಗ್ಸ್‌ನಿಂದ ಮೇಲೆ ಹೋಗುವ ಟ್ರಾಮ್ (ತಂತಿ ಮೇಲೆ ತೂಗಿ ಹೋಗುವ ರೋಪ್‌ವೇ) ಪ್ರತಿ ಸೆಪ್ಟೆಂಬರ್‌ನಲ್ಲಿ ರಿಪೇರಿಗೆ ಅಂತ ನಿಲ್ಲುತ್ತದೆ. ಇಡಿಲ್‌ವೈಲ್ಡ್ ಊರಿನ ಕಡೆಯಿಂದಲೂ ದಾರಿ ಇದೆ. ಆದರೆ ಅದು ನನ್ನ ಮಂಡಿಗೆ ಆಗಿಬರುವ ಏರಲ್ಲ. ಸುಮ್ನೆ ಮನೆಯಲ್ಲೇ ಉಳಿದೆವು.

ಮುಂದಿನ ಜುಲೈಗೆ ಸರಿಯಾಗಿ ಹೊಂದಿಸಿದೆ. ಟ್ರಾಮ್ ವೇಳೆ ಮೊದಲು, ಮಿಕ್ಕಿದ್ದೆಲ್ಲ ಆಮೇಲೆ. ಬೆಳಿಗ್ಗೆ ಹೋಗಿ ಸಂಜೆ ಇಳಿಯುವವರು ಮೇಲೆ ಲಾಂಗ್ ವ್ಯಾಲಿಯ ರೇಂಜರ್ ಸ್ಟೇಷನ್‌ನಲ್ಲಿ ಚೀಟಿ ತುಂಬಿದರೆ ಸಾಕು. ರಾತ್ರಿ ಉಳಿಯುವುದಾದರೆ ಪರ್ಮಿಟ್ ಮೊದಲೇ ಕೈಯಲ್ಲಿರಬೇಕು. ನಮಗೆ ರೌಂಡ್ ವ್ಯಾಲಿ ಅನ್ನೋ ಕ್ಯಾಂಪಿನಲ್ಲಿ ಜಾಗ ಸಿಕ್ಕಿತು. ಟ್ರಾಮ್‌ನಿಂದ ಎರಡು ಮೈಲಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಟ್ರಾಮ್ 2,643 ಅಡಿಯಿಂದ 8,516 ಅಡಿಗೆ ಹತ್ತೇ ನಿಮಿಷದಲ್ಲಿ ಏರುತ್ತದೆ. ಅಂದರೆ ಟ್ರಾಮ್‌ನಿಂದಿಳಿದು ಬ್ಯಾಗ್ ಹೆಗಲಿಗೇರಿಸುವಾಗಲೇ ನೀವು ನಮ್ಮ ಮುಳ್ಳಯ್ಯನಗಿರಿಗಿಂತ 650 ಮೀಟರ್‌ಗೂ ಹೆಚ್ಚು ಮೇಲಿರುತ್ತೀರಿ! ಮೇಲೆ ಗಾಳಿಯ ಒತ್ತಡ ಕಡಿಮೆಯಲ್ವಾ, ನನ್ನ ಬ್ಯಾಗಿನಲ್ಲಿದ್ದ ಖಾರದ ಕಡಲೆಬೀಜದ ಪ್ಯಾಕೆಟ್ ಚೆಂಡಿನ ಹಾಗೆ ಉಬ್ಬಿತ್ತು. ಒಡೆದುಹೋಗುತ್ತೇನೋ ಅಂತ ಮಗಳು ಕಿವಿ ಮುಚ್ಚಿಕೊಂಡಳು. ಕೆಳಗೆ ಮರುಭೂಮಿಯಲ್ಲಿ ಬೆವರು ಸುರಿಯುತ್ತಿತ್ತು. ಮೇಲೆ ಸ್ವೆಟರ್ ಹುಡುಕಿದೆವು. ಆವತ್ತೇ ತುದಿಗೆ ಹೋಗೋಣ ಅಂತ ಯಜಮಾನರ ಆಸೆ. ನಾನು ಒಪ್ಪಲಿಲ್ಲ. ಆ ಎತ್ತರಕ್ಕೆ ಹೊಂದಿಕೊಳ್ಳೋಕೆ ದೇಹಕ್ಕೂ ಒಂದು ರಾತ್ರಿ ಟೈಮ್ ಬೇಕು, ಅಲ್ವಾ? ಅಷ್ಟು ದೂರಕ್ಕೇ ಇವರಿಗೆ ತಲೆನೋವು ಶುರುವಾಗಿತ್ತು, ಹೇಳಿಕೊಳ್ಳಲಿಲ್ಲ ಅಷ್ಟೇ.

ತಪ್ಪಿದ್ದು ಅಡುಗೆಯಲ್ಲಿ. ಅಲ್ಲಿ ಸೌದೆ ಬೆಂಕಿ ಹಾಕುವಂತಿಲ್ಲ, ಪುಟ್ಟ ಗ್ಯಾಸ್ ಸ್ಟೌವ್ ಮಾತ್ರ. ಬಿಸಿ ಅನ್ನಕ್ಕೆ ಪುಳಿಯೋಗರೆ ಗೊಜ್ಜು ಕಲಸುವುದು ನನ್ನ ಲೆಕ್ಕ. ಸೋನಾ ಮಸೂರಿ ಇಟ್ಟೆ. ನೀರು ಬೇಗನೇ ಕುದಿಯಿತು, ಖುಷಿಯಾಯಿತು. ಆದರೆ ಆ ಎತ್ತರದಲ್ಲಿ ನೀರು ಸುಮಾರು 91 ಡಿಗ್ರಿಗೇ ಕುದಿಯುತ್ತದೆ, ಎಷ್ಟು ಉರಿ ಹೆಚ್ಚಿಸಿದರೂ ಅದಕ್ಕಿಂತ ಬಿಸಿ ಏರದು. ಅರ್ಧ ಗಂಟೆಯಾದರೂ ಅಗುಳು ಹಿಚುಕಿದರೆ ನಡುವೆ ಬಿಳಿ ಚುಕ್ಕಿ. ಮನೆಯಲ್ಲಿ ಕುಕ್ಕರ್ ಮಾಡುವ ಉಪಕಾರ ಅಲ್ಲಿ ತಿಳಿಯಿತು. ಗ್ಯಾಸ್ ಮುಗಿದೀತು ಅಂತ ಆರಿಸಿದೆ. ದಾರಿಗೆ ಇರಲಿ ಅಂತ ತಂದಿದ್ದ ಅವಲಕ್ಕಿಗೆ ಅದೇ ಗೊಜ್ಜು ಕಲಸಿ ತಿಂದೆವು. ಈಗ ಬೆಟ್ಟಕ್ಕೆ ಅಕ್ಕಿ ಒಯ್ಯುವುದೇ ಇಲ್ಲ. ಅಲ್ಲಿನ ನೀರನ್ನು ಮಾತ್ರ ಫಿಲ್ಟರ್ ಮಾಡಿಯೇ ಕುಡಿಯಿರಿ.

ಬೇಸಿಗೆಯಲ್ಲಿ ಮಧ್ಯಾಹ್ನ ಗುಡುಗು ಕಟ್ಟುವುದುಂಟು. ಹಾಗಾಗಿ ಬೆಳಕು ಹರಿಯುವ ಮೊದಲೇ ಎದ್ದು ನಡೆದೆವು. ವೆಲ್‌ಮನ್ ಡಿವೈಡ್ ಎಂಬ ಬೆಟ್ಟದ ಏಣು ದಾಟಿದ ಮೇಲೆ ಹತ್ತು ಹೆಜ್ಜೆಗೊಮ್ಮೆ ನಿಂತೆ. ತುದಿಗೆ ಸ್ವಲ್ಪ ಕೆಳಗೆ 1930ರ ದಶಕದಲ್ಲಿ ಕಟ್ಟಿದ ಕಲ್ಲಿನ ಗುಡಿಸಲಿದೆ. ಅಲ್ಲಿಂದ ಮುಂದೆ ದಾರಿ ಅಂತ ಇಲ್ಲ, ಬಂಡೆ ಹಿಡಿದು ಹತ್ತುವುದೇ. 10,834 ಅಡಿಯಲ್ಲಿ ನಿಂತು ನೋಡಿದರೆ ಕಣಿವೆಯ ಗಾಳಿಯಂತ್ರಗಳು ಬೆಂಕಿಕಡ್ಡಿ ನೆಟ್ಟ ಹಾಗಿದ್ದವು.

ಆ ಅರೆಬೆಂದ ಅನ್ನವನ್ನು ಕಾಡಿನಲ್ಲಿ ಚೆಲ್ಲುವ ಹಾಗಿಲ್ಲ. ಜಿಪ್ ಕವರ್‌ನಲ್ಲಿ ಕಟ್ಟಿಕೊಂಡು, ಮಧ್ಯಾಹ್ನದ ಟ್ರಾಮ್‌ನಲ್ಲಿ ಅದನ್ನೂ ತೊಡೆಯ ಮೇಲಿಟ್ಟುಕೊಂಡು ಇಳಿದೆ.