ಒಂಬತ್ತು ವರ್ಷ ನಿಂತಿದ್ದ ಅಪ್ಪನ 207ನ ಮನೇಲೇ ಎಬ್ಬಿಸಿದ್ದು

ನಮ್ಮೂರು ತಿಪಟೂರು ಹತ್ರ. ಮನೆ ಹಿಂದೆ ಹೆಂಚಿನ ಕೊಟ್ಟಿಗೇಲಿ ಅಪ್ಪನ ಪಿಕಪ್ 2013ರಿಂದ ನಿಂತೇ ಇತ್ತು. ಟಾಟಾ ಮೊಬೈಲ್, 1994ರ ಮಾಡೆಲ್, ನಮ್ಮ ಕಡೆ ಎಲ್ರೂ 207 ಅಂತಾನೇ ಕರೆಯೋದು. ಹತ್ತೊಂಬತ್ತು ವರ್ಷ ಕೊಬ್ಬರಿ ಮೂಟೆ, ತೆಂಗಿನಕಾಯಿ, ಗೊಬ್ಬರ, ಮದುವೆ ಮನೆ ಪಾತ್ರೆ ಎಲ್ಲಾ ಹೊತ್ತ ಗಾಡಿ. ಟಾಟಾ ಏಸ್ ತಗೊಂಡ್ಮೇಲೆ ಇದನ್ನ ಯಾರೂ ಮುಟ್ಟಲಿಲ್ಲ. 2022ರಲ್ಲಿ ಗುಜರಿಯವರು ಬಂದು ತೂಕದ ಲೆಕ್ಕದಲ್ಲಿ ಕೇಳಿದ್ರು, ಅಪ್ಪ ಏನೂ ಮಾತಾಡದೆ ಎದ್ದು ಒಳಗೆ ಹೋಗ್ಬಿಟ್ರು, ಅವತ್ತು ಸಾಯಂಕಾಲಾನೇ ನಾನು ಕೊಟ್ಟಿಗೆ ಬಾಗಿಲು ತೆಗೆದಿದ್ದು.

ನಾನು ಮೆಕ್ಯಾನಿಕ್ ಅಲ್ಲ. ಬೋರ್‌ವೆಲ್ ಮೋಟರ್ ರಿವೈಂಡಿಂಗ್ ಅಂಗಡಿ ಇದೆ, ವೆಲ್ಡಿಂಗ್ ಬರುತ್ತೆ, ಮೀಟರ್ ಹಿಡಿಯೋಕೆ ಬರುತ್ತೆ, ಅಷ್ಟೇ. ಭಾನುವಾರ ಮತ್ತೆ ಕರೆಂಟ್ ಇಲ್ದಿರೋ ಮಧ್ಯಾಹ್ನಗಳಲ್ಲಿ ಮಾಡಿದ ಕೆಲಸ ಇದು, ಹದಿನಾಲ್ಕು ತಿಂಗಳು ಹಿಡೀತು. ಇಂಥ ಹಳೇ ಗಾಡಿ ಇಟ್ಕೊಂಡಿರೋರಿಗೆ ಮೊದಲೇ ಒಂದು ಮಾತು ಹೇಳ್ತೀನಿ. ಓಡಿದ ಗಾಡಿ ಸವೆಯುತ್ತೆ, ನಿಂತ ಗಾಡಿ ಕೆಡುತ್ತೆ, ಎರಡೂ ಬೇರೆ ಬೇರೆ ಕಾಯಿಲೆ. ಮೆಕ್ಯಾನಿಕ್ ಹತ್ರ ಹೋದ್ರೆ ಮೊದಲು ಇಂಜಿನ್ ಇಳಿಸಿ ಬೋರ್ ಮಾಡ್ಸಣ, ಅಂದ್ರೆ ಸವೆದ ಸಿಲಿಂಡರ್ ಒಳಗೋಡೆ ಕೊರೆಸಣ ಅಂತಾರೆ, ಅದು ಸವೆದ ಗಾಡಿಗೆ ಮದ್ದು. ನಮ್ಮ ಗಾಡಿ ನಿಲ್ಲಿಸೋ ದಿನ ಚೆನ್ನಾಗೇ ಓಡ್ತಿತ್ತು, ಹಂಗಾಗಿ ಕೆಟ್ಟಿರೋದು ರಬ್ಬರು, ಪೈಪು, ಡೀಸೆಲ್ಲು, ವೈರು, ತಗಡು, ಇವೇ ಇರ್ಬೇಕು ಅಂದ್ಕೊಂಡೆ. ಬಹುಪಾಲು ಅದೇ ನಿಜ ಆಯ್ತು.

ಕೀ ಹಾಕಿ ನೋಡೋಣ ಅನ್ನೋ ಆಸೆ ಎಲ್ರಿಗೂ ಬರುತ್ತೆ, ದಯವಿಟ್ಟು ಮಾಡ್ಬೇಡಿ. ನಾನು ಮೊದಲು ಏರ್ ಫಿಲ್ಟರ್ ಡಬ್ಬಿ ಬಿಚ್ಚಿದೆ, ಒಳಗೆ ತೆಂಗಿನ ನಾರಿಂದ ಮಾಡಿದ ಇಲಿ ಗೂಡು, ಪೂರ್ತಿ ಡಬ್ಬಿ ತುಂಬ. ಸೆಲ್ಫ್ ಹೊಡೆದಿದ್ರೆ ಆ ನಾರೆಲ್ಲ ಸೀದಾ ಸಿಲಿಂಡರ್‌ಗೆ ಹೋಗೋದು. ಆಮೇಲೆ ನಾಲ್ಕು ಹೀಟರ್ ಪ್ಲಗ್ (ತಣ್ಣಗಿರೋ ಇಂಜಿನ್ ಸ್ಟಾರ್ಟ್ ಆಗೋಕೆ ಒಳಗೆ ಬಿಸಿ ಮಾಡೋವು) ಬಿಚ್ಚಬೇಕಿತ್ತು. ಇದು ನಿಧಾನದ ಕೆಲಸ, ಹಳೇ ಪ್ಲಗ್ ತುಕ್ಕು ಹಿಡಿದು ಕೂತಿರುತ್ತೆ, ಜೋರು ಮಾಡಿದ್ರೆ ತುದಿ ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಒಳಗೇ ಮುರ್ಕೊಳುತ್ತೆ, ಆಗ ಹೆಡ್ ಇಳಿಸದೆ ಬೇರೆ ದಾರಿ ಇರಲ್ಲ. ದಿನಾ ಸಾಯಂಕಾಲ ತುಕ್ಕು ಬಿಡಿಸೋ ಎಣ್ಣೆ ಬಿಟ್ಟು ಬಿಟ್ಟು ಆರನೇ ದಿನಕ್ಕೆ ಒಂದೊಂದೇ ಕಾಲು ಸುತ್ತು ಬಿಚ್ಚೋದು, ಮತ್ತೆ ಬಿಗಿ ಮಾಡೋದು, ಮತ್ತೆ ಬಿಚ್ಚೋದು, ಹಂಗೆ ಮಾಡಿ ನಾಲ್ಕೂ ಹುಷಾರಾಗಿ ಬಂದ್ವು. ಆ ತೂತುಗಳಲ್ಲಿ ಇಂಜಿನ್ ಆಯಿಲ್ಲು ಡೀಸೆಲ್ಲು ಸಮ ಸಮ ಬೆರೆಸಿ ಒಂದೊಂದಕ್ಕೂ ಎರಡು ಚಮಚ ಬಿಟ್ಟು ನಾಲ್ಕು ದಿನ ಹಂಗೇ ಬಿಟ್ಟೆ. ಐದನೇ ದಿನ ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಉದ್ದನೆ ಸ್ಪ್ಯಾನರ್ ಹಾಕಿ ಮೆತ್ತಗೆ ಒತ್ತಿದೆ, ಮೊದಲು ಕದಲಲಿಲ್ಲ, ಹಿಂದಕ್ಕೆ ಸ್ವಲ್ಪ ಮುಂದಕ್ಕೆ ಸ್ವಲ್ಪ ಅಂತ ಆಡಿಸ್ತಾ ಇದ್ರೆ ಒಂದ್ಸಲ ಟಕ್ ಅಂತ ಬಿಡ್ತು. ಎರಡು ಸುತ್ತು ಪೂರ್ತಿ ತಿರುಗಿದಾಗ ನಿಜವಾಗ್ಲೂ ಕಣ್ಣಲ್ಲಿ ನೀರು ಬಂತು. ಪ್ಲಗ್ ತೂತುಗಳ ಮೇಲೆ ಬಟ್ಟೆ ಮುಚ್ಚಿರಿ, ಆಯಿಲ್ ಮುಖಕ್ಕೆ ಹಾರುತ್ತೆ. ಪ್ಲಗ್ ಹಾಕಿದ ಮೇಲೆ ತಿರುಗಿಸೋಕೆ ಹೋಗ್ಬೇಡಿ, ಸಿಲಿಂಡರಲ್ಲಿ ಎಣ್ಣೆ ಉಳಿದಿದ್ರೆ ಅದು ಒತ್ತೋಕೆ ಆಗದೆ ಕನೆಕ್ಟಿಂಗ್ ರಾಡ್ ಬಗ್ಗುತ್ತೆ.

ಕಂಪ್ರೆಷನ್, ಅಂದ್ರೆ ಸಿಲಿಂಡರ್ ಒಳಗೆ ಗಾಳಿ ಎಷ್ಟು ಒತ್ತಡಕ್ಕೆ ಬರುತ್ತೆ ಅಂತ ನೋಡ್ಸೋಕೆ ತಿಪಟೂರಿಂದ ಪರಿಚಯದ ಮೆಕ್ಯಾನಿಕ್ ಒಬ್ರನ್ನ ಕರ್ಕೊಂಡು ಬಂದೆ. ಪೆಟ್ರೋಲ್ ಗಾಡಿ ಗೇಜ್ ಇದಕ್ಕೆ ಆಗಲ್ಲ, ಡೀಸೆಲಲ್ಲಿ ಸ್ಪಾರ್ಕ್ ಇಲ್ಲ, ಗಾಳಿ ಒತ್ತಿದ ಬಿಸೀಲೇ ಡೀಸೆಲ್ ಹತ್ಕೋಬೇಕು, ಹಂಗಾಗಿ ಒತ್ತಡ ತುಂಬಾ ಜಾಸ್ತಿ. ಮೂರು ಸಿಲಿಂಡರ್ 380 ಆಸುಪಾಸು ಪಿಎಸ್‌ಐ ತೋರಿಸ್ತು, ನಾಲ್ಕನೇದು 340. ಅವರು ನಾಲ್ಕನೇದು ಓಡ್ತಾ ಓಡ್ತಾ ಸರಿ ಹೋಗುತ್ತೆ, ಇಂಜಿನ್ ಬಿಚ್ಚಬೇಡ ಅಂದ್ರು. ಆ ಒಂದು ಮಾತಿಂದ ನನಗೆ ಕಮ್ಮಿ ಅಂದ್ರೂ 60 ಸಾವಿರ ಉಳೀತು.

ಇನ್ನು ಈ ಇಂಜಿನ್ ಬಗ್ಗೆ. ಟಾಟಾದವರ 483, 1948 ಸಿಸಿ, ನಾಲ್ಕು ಸಿಲಿಂಡರ್, ಬೋರ್ ಅಂದ್ರೆ ಸಿಲಿಂಡರ್ ಅಗಲ 83 ಎಂಎಂ, ಹೆಸರು ಬಂದಿರೋದೇ ಅದರಿಂದ. ಟಾಟಾ ಮೊಬೈಲ್ 1988ರಲ್ಲಿ ಬಂತು, ಆಗಿನ್ನೂ ಕಂಪನಿ ಹೆಸರು ಟೆಲ್ಕೊ. ಇದೇ ಇಂಜಿನ್ ಆಮೇಲೆ ಸಿಯೆರಾಗೆ, ಎಸ್ಟೇಟ್‌ಗೆ, 1994ರಲ್ಲಿ ಬಂದ ಸುಮೋಗೆ ಹೋಯ್ತು. ಇದು ಯಾಕೆ ಮುಖ್ಯ ಅಂದ್ರೆ ಅಂಗಡೀಲಿ ಹೋಗಿ ಟಾಟಾ ಮೊಬೈಲ್ ಸಾಮಾನು ಕೊಡಿ ಅಂದ್ರೆ ಹುಡುಗ್ರು ಮುಖ ನೋಡ್ತಾರೆ, ಹಳೇ ಸುಮೋ ಎರಡು ಲೀಟರ್ ಇಂಜಿನ್‌ದು ಅಂದ್ರೆ ಗ್ಯಾಸ್ಕೆಟ್ಟು, ವಾಟರ್ ಪಂಪು, ಫಿಲ್ಟರು ಬಹಳಷ್ಟು ಸಿಗುತ್ತೆ. ಬೆಂಗಳೂರಲ್ಲಿ ಜೆ.ಸಿ. ರಸ್ತೇಲಿ ಎರಡು ದಿನ ಓಡಾಡಿದೆ, ಬಾಗಿಲು ಹಿಡಿ, ಗ್ಲಾಸ್ ಮೇಲೆತ್ತೋ ಮಿಷಿನ್ನು, ಇಂಥವಕ್ಕೆ ಶಿವಾಜಿನಗರದ ಗುಜರಿ. ಹಳೇ ಸಾಮಾನು ಬಿಸಾಕದೆ ಕೈಚೀಲದಲ್ಲಿ ತಗೊಂಡು ಹೋಗಿ, ಫೋಟೋ ತೋರಿಸಿದ್ರೆ ಬೇರೇದೇ ಕೊಡ್ತಾರೆ. ನಾನು ವಾಟರ್ ಪಂಪ್‌ಗೆ ಎರಡು ಸಲ ಹೋಗಿ ಬಂದೆ ಈ ಕಾರಣಕ್ಕೆ.

ಡೀಸೆಲ್ ಟ್ಯಾಂಕ್ ಇಳಿಸಿದ್ರೆ ಒಳಗಿದ್ದ ಡೀಸೆಲ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು, ತಳದಲ್ಲಿ ನೀರು, ನೀರಿನ ಮೇಲೆ ಕರೀ ಲೋಳೆ. ಒಂಬತ್ತು ವರ್ಷದ ಮಂಜು ಬಿಸಿಲಿಗೆ ಟ್ಯಾಂಕ್ ಬೆವರಿ ನೀರು ಇಳಿಯುತ್ತೆ, ಆ ನೀರು ಡೀಸೆಲ್ ಸೇರೋ ಜಾಗದಲ್ಲಿ ಬೂಷ್ಟು ಬೆಳೆಯುತ್ತೆ. ಟ್ಯಾಂಕ್‌ಗೆ ಎರಡು ಬೊಗಸೆ ಸಣ್ಣ ಜಲ್ಲಿ, ನಾಲ್ಕು ಲೀಟರ್ ಡೀಸೆಲ್ ಹಾಕಿ ನಾನೂ ನನ್ನ ತಮ್ಮಾನೂ ಆ ಕಡೆ ಈ ಕಡೆ ಹಿಡ್ಕೊಂಡು ಒಂದು ಗಂಟೆ ಕುಲುಕಿದ್ವಿ, ತುಕ್ಕೆಲ್ಲ ಸಿಪ್ಪೆ ಸಿಪ್ಪೆ ಬಂತು. ಒಂದು ಕಡೆ ಸೂಜಿ ತೂತು ಕಾಣಿಸ್ತು. ನನಗೆ ವೆಲ್ಡಿಂಗ್ ಬರುತ್ತೆ, ಆದ್ರೂ ಟ್ಯಾಂಕ್ ನಾನು ಮುಟ್ಟಲಿಲ್ಲ, ಖಾಲಿ ಟ್ಯಾಂಕ್ ಒಳಗಿನ ಆವಿ ಹತ್ಕೊಂಡು ಸಿಡಿಯುತ್ತೆ, ರೇಡಿಯೇಟರ್ ಅಂಗಡಿಯವರು ನೀರು ತುಂಬಿ ತೊಳೆದು ಬೆಸುಗೆ ಹಾಕಿ ಕೊಟ್ರು.

ಡೀಸೆಲ್ ಪಂಪು, ಸಿಲಿಂಡರ್‌ಗೆ ಡೀಸೆಲ್ ಸಿಂಪಡಿಸೋ ಇಂಜೆಕ್ಟರು ಮನೇಲಿ ಬಿಚ್ಚೋ ವಸ್ತು ಅಲ್ಲ, ಒಳಗಿನ ಸಾಮಾನು ಕೂದಲಿಗಿಂತ ಸಣ್ಣ ಅಳತೇಲಿ ಕೂತಿರುತ್ತೆ. ಪಂಪ್ ತೆಗೆಯೋ ಮುಂಚೆ ಅದು ಕೂತಿರೋ ಜಾಗಕ್ಕೂ ಬಾಡಿಗೂ ಉಳಿಯಲ್ಲಿ ಒಂದು ಗೀರು ಹಾಕಿ ಗುರುತು ಮಾಡ್ಕೊಳ್ಳಿ, ಟೈಮಿಂಗ್‌ಗೆ, ಅಂದ್ರೆ ಡೀಸೆಲ್ ಸರಿ ಹೊತ್ತಿಗೆ ಬೀಳೋಕೆ, ಅದು ಬೇಕು. ನಮ್ಮ ಕಡೆ ಡೀಸೆಲ್ ಪಂಪ್ ಅಂದ್ರೆ ಮೈಕೋನೇ, 1951ರಲ್ಲಿ ಶುರುವಾದ ಕಂಪನಿ, ಬೆಂಗಳೂರಿನ ಆಡುಗೋಡಿ ಫ್ಯಾಕ್ಟರಿ, ಹೆಸರು ಬಾಷ್ ಅಂತ ಬದಲಾಗಿ ಎಷ್ಟೋ ವರ್ಷ ಆದ್ರೂ ಹಳೇ ಮೆಕ್ಯಾನಿಕ್‌ಗಳ ಬಾಯಲ್ಲಿ ಮೈಕೋ ಹೋಗಿಲ್ಲ. ಪಂಪ್ ಸೆಂಟರಲ್ಲಿ ಸೀಲುಗಳು, ಇಂಜೆಕ್ಟರ್ ತುದಿಗೆ ನಾಲ್ಕು ಹೊಸ ನಾಝಲ್ಲು, ಕ್ಯಾಲಿಬ್ರೇಷನ್ನು ಎಲ್ಲಾ ಸೇರಿ 17 ಸಾವಿರ ಆಯ್ತು. ಹಳೇ ನಾಝಲ್ ಬೆಂಚಲ್ಲಿ ಹಾಕಿ ತೋರಿಸಿದ್ರು, ಮೂರು ಹೊಗೆ ತರ ಸಿಂಪಡಿಸ್ತು, ಒಂದು ನಲ್ಲಿ ತರ ತೊಟ್ಟಿಕ್ತು, ತೊಟ್ಟಿಕ್ಕಿದ್ದು ಅದೇ ನಾಲ್ಕನೇ ಸಿಲಿಂಡರ್‌ದು. ವಾಪಸ್ ಕೂರಿಸುವಾಗ ತಾಮ್ರದ ವಾಷರ್ ಹೊಸದೇ ಹಾಕಿ.

ಇಷ್ಟೆಲ್ಲ ಆದ್ಮೇಲೆ ನನ್ನ ಮೂರು ಭಾನುವಾರ ತಿಂದಿದ್ದು ಡೀಸೆಲ್ ಪೈಪಲ್ಲಿ ಸೇರಿದ್ದ ಗಾಳಿ. ಹ್ಯಾಂಡ್ ಪ್ರೈಮರ್ (ಡೀಸೆಲ್ ಎಳೆಯೋ ಕೈ ಪಂಪು) ಒತ್ತಿ ಒತ್ತಿ ಕೈ ಬೊಬ್ಬೆ ಬಂತು, ಫಿಲ್ಟರ್ ಮೇಲಿನ ಸ್ಕ್ರೂ ಸಡಿಲ ಮಾಡಿದ್ರೆ ನೊರೆ ನೊರೆ, ಎಷ್ಟು ಒತ್ತಿದ್ರೂ ನೊರೆ ನಿಲ್ಲಲ್ಲ. ಗಾಡಿ ಸ್ಟಾರ್ಟ್ ಆಗೋದು, ಇಪ್ಪತ್ತು ಸೆಕೆಂಡ್ ಓಡೋದು, ನಿಲ್ಲೋದು. ಎಲ್ಲೂ ಡೀಸೆಲ್ ಸೋರ್ತಿಲ್ಲ, ಪೈಪ್ ಕೆಳಗೆ ಪೇಪರ್ ಹಾಸಿ ನೋಡಿದೆ ಒಂದು ಹನಿ ಇಲ್ಲ. ಆಮೇಲೆ ತಲೆಗೆ ಬಂದಿದ್ದು, ನಮ್ಮ ತೋಟದ ಸೆಂಟ್ರಿಫ್ಯೂಗಲ್ ಮೋಟರ್ ತರಾನೇ ಇದು. ಸಕ್ಷನ್ ಪೈಪಲ್ಲಿ ಬಿರುಕಿದ್ರೆ ನೀರು ಆಚೆ ಬರಲ್ಲ, ಗಾಳಿ ಒಳಗೆ ಹೋಗುತ್ತೆ. ಟ್ಯಾಂಕಿಂದ ಪಂಪ್ ತನಕ ಎಳೆಯೋ ಕಡೆ, ಅಲ್ಲಿ ಲೀಕ್ ಇದ್ರೆ ಕಣ್ಣಿಗೆ ಕಾಣಲ್ಲ. ಹಂಗಾಗಿ ಐದು ಲೀಟರ್ ಕ್ಯಾನಲ್ಲಿ ಡೀಸೆಲ್ ತುಂಬಿ ಬಾನೆಟ್‌ಗಿಂತ ಎತ್ತರದಲ್ಲಿ ಸೂರಿನ ಗಳಕ್ಕೆ ಕಟ್ಟಿ, ಟ್ಯಾಂಕ್ ಪೈಪ್ ಬಿಟ್ಟು ಕ್ಯಾನಿಂದ ಸೀದಾ ಫಿಲ್ಟರ್‌ಗೆ ಪೈಪ್ ಕೊಟ್ಟೆ. ಎರಡು ನಿಮಿಷದಲ್ಲಿ ಗಾಳಿ ಹೋಯ್ತು, ಇಂಜಿನ್ ಹಿಡೀತು, ನಿಲ್ಲಲೇ ಇಲ್ಲ. ಅಂದ್ರೆ ಇಂಜಿನ್ ಸರಿ, ಪಂಪ್ ಸರಿ, ತಪ್ಪಿರೋದು ಹಿಂದುಗಡೆ. ಆಮೇಲೆ ತುಂಡು ತುಂಡಾಗಿ ಪಾರದರ್ಶಕ ಪ್ಲಾಸ್ಟಿಕ್ ಪೈಪ್ ಸೇರಿಸ್ತಾ ಬಂದೆ, ಗುಳ್ಳೆ ಎಲ್ಲಿಂದ ಶುರುವಾಗುತ್ತೆ ಅಂತ. ಕ್ಯಾಬಿನ್ ಕೆಳಗೆ ಕ್ಲಿಪ್ ಇರೋ ಜಾಗದಲ್ಲಿ ರಬ್ಬರ್ ಪೈಪ್ ಮೇಲ್ನೋಟಕ್ಕೆ ಚೆನ್ನಾಗಿತ್ತು, ಬಗ್ಗಿಸಿದ್ರೆ ಸುತ್ತಲೂ ಸೀಳು. 120 ರೂಪಾಯಿ ಪೈಪು. ಯಾರಿಗಾದ್ರೂ ನಿಂತ ಡೀಸೆಲ್ ಗಾಡಿ ಹಿಂಗೆ ಆಟ ಆಡಿಸ್ತಿದ್ರೆ ಮೊದಲನೇ ದಿನಾನೇ ಕ್ಯಾನ್ ಕಟ್ಟಿ ನೋಡಿ.

ಮೊದಲನೇ ಸ್ಟಾರ್ಟ್ ಮಾಡುವಾಗ ತಮ್ಮನ ಕೈಗೆ ಒಂದು ಹಲಗೆ ಕೊಟ್ಟು ಗಾಳಿ ಎಳೆಯೋ ಬಾಯಿ ಹತ್ರ ನಿಲ್ಲಿಸಿದ್ದೆ. ಡೀಸೆಲ್ ಇಂಜಿನ್ ಕೆಲವು ಸಲ ಕೈ ತಪ್ಪಿ ರೇಸ್ ಆಗುತ್ತೆ, ಒಳಗೆ ಹಾಕಿದ ಎಣ್ಣೇನೇ ಕುಡಿದು ಓಡುತ್ತೆ, ಆಗ ಕೀ ತಿರುಗಿಸಿದ್ರೆ ನಿಲ್ಲಲ್ಲ, ಗಾಳಿ ಮುಚ್ಚಬೇಕು. ನಮಗೆ ಹಲಗೆ ಬೇಕಾಗಲಿಲ್ಲ. ಬಿಳೀ ಹೊಗೆ ಕೊಟ್ಟಿಗೆ ತುಂಬಿ ಹಸು ಎಲ್ಲ ಎದ್ದು ನಿಂತ್ವು, ಹತ್ತು ನಿಮಿಷಕ್ಕೆ ತಿಳಿಯಾಯ್ತು.

ಕ್ಲಚ್ ಪ್ಲೇಟ್ ಫ್ಲೈವೀಲ್‌ಗೆ ಅಂಟ್ಕೊಂಡಿತ್ತು, ಪೆಡಲ್ ಒತ್ತಿದ್ರೂ ಗೇರ್ ಬೀಳಲ್ಲ. ಗೇರ್‌ಬಾಕ್ಸ್ ಇಳಿಸ್ಬೇಕು ಅಂದ್ರು. ಪೆಡಲ್‌ಗೂ ಸೀಟ್‌ಗೂ ಮಧ್ಯ ಮರದ ತುಂಡು ಕೊಟ್ಟು ಎರಡು ರಾತ್ರಿ ಒತ್ತಿಟ್ಟೆ, ಆಮೇಲೆ ಖಾಲಿ ಹೊಲದಲ್ಲಿ ಗೇರಲ್ಲೇ ಸ್ಟಾರ್ಟ್ ಮಾಡಿ ಕ್ಲಚ್ ಒತ್ಕೊಂಡು ಬ್ರೇಕ್ ತಟ್ಟಿ ತಟ್ಟಿ ಓಡಿಸಿದೆ, ನಾಲ್ಕನೇ ಸಲಕ್ಕೆ ಬಿಡ್ತು. ಆದ್ರೆ ಇದು ಬ್ರೇಕ್ ಕೆಲಸ ಪೂರ್ತಿ ಮುಗಿದ್ಮೇಲೆ ಮಾತ್ರ.

ಬ್ರೇಕ್‌ನಲ್ಲಿ ಉಳಿತಾಯ ನೋಡ್ಲೇ ಇಲ್ಲ ನಾನು. ಹಿಂದಿನ ಡ್ರಮ್ ಎರಡೂ ಜಾಮ್, ಒಳಗೆ ವೀಲ್ ಸಿಲಿಂಡರ್ ತುಕ್ಕು, ಕಿಟ್ ಹಾಕಿ ನಡೆಸ್ಬಹುದು ಅಂದವ್ರು ಇದ್ದಾರೆ, ಹಾಕಲಿಲ್ಲ. ಸಿಲಿಂಡರು, ಮಾಸ್ಟರು, ಲೋಹದ ಪೈಪು, ಹೋಸು, ಎಲ್ಲಾ ಹೊಸದು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಪೆಟ್ರೋಲ್ ಗಾಡಿ ತರ ಡೀಸೆಲ್ ಇಂಜಿನ್‌ಗೆ ಪೆಡಲ್ ಹಗುರ ಮಾಡೋ ಬ್ರೇಕ್ ಬೂಸ್ಟರ್ ಎಳೆಯುವಷ್ಟು ವ್ಯಾಕ್ಯೂಮ್ ತಾನಾಗೇ ಬರಲ್ಲ, ಅದಕ್ಕೆ ಡೈನಮೋ ಹಿಂದೆ ಪುಟ್ಟ ವ್ಯಾಕ್ಯೂಮ್ ಪಂಪ್ ಇರುತ್ತೆ. ಆ ಪಂಪ್ ಸವೆದಿದ್ರೆ ಅಥವಾ ಅದರ ಪೈಪ್ ಸೀಳಿದ್ರೆ ಪೆಡಲ್ ಕಲ್ಲಾಗುತ್ತೆ, ನಾವು ಬ್ರೇಕ್ ಶೂ ಬದಲಾಯಿಸ್ತಾ ಕೂತಿರ್ತೀವಿ.

ವೈರಿಂಗ್ ನನ್ನ ಕೆಲಸವೇ ಆದ್ರಿಂದ ಬೇಗ ಆಯ್ತು, ಇಲಿ ಕಡಿದ ಕಡೆ ಟೇಪ್ ಸುತ್ತದೆ ಪೂರ್ತಿ ಹೊಸಾ ವೈರ್ ಎಳೆದು ಒಂದೊಂದು ಲೈನ್‌ಗೂ ಫ್ಯೂಸ್ ಕೊಟ್ಟೆ. ಹೀಟರ್ ಪ್ಲಗ್ ಪರೀಕ್ಷೆ ಸುಲಭ, ವೈರ್ ಬಿಚ್ಚಿ ಬ್ಯಾಟರಿ ಪ್ಲಸ್ಸಿಂದ ಒಂದು 12 ವೋಲ್ಟ್ ಬಲ್ಬ್ ಮೂಲಕ ಪ್ಲಗ್ ತಲೆಗೆ ಮುಟ್ಟಿಸಿ, ಬಲ್ಬ್ ಹತ್ತಿದ್ರೆ ಪ್ಲಗ್ ಜೀವ ಇದೆ. ನಮ್ಮದರಲ್ಲಿ ಎರಡು ಸತ್ತಿದ್ವು.

ತಗಡಿನ ಕೆಲಸಕ್ಕೇ ಐದು ತಿಂಗಳು. ಹಿಂದಿನ ಬಾಡಿ ತಳದಲ್ಲಿ ಹತ್ತೊಂಬತ್ತು ವರ್ಷದ ತೆಂಗಿನ ನಾರು ಸಂದಿ ಸಂದೀಲಿ ಕೂತು ನೀರು ಹಿಡಿದು, ಅಡ್ಡಪಟ್ಟಿಗಳು ಬೆರಳಲ್ಲಿ ಒತ್ತಿದ್ರೆ ಪುಡಿ. ಮೇಲಿಂದ ಪುಟ್ಟಿ ಮೆತ್ತಿ ಪೇಂಟ್ ಹೊಡೆದ್ರೆ ಒಂದು ಮಳೆಗಾಲ ಅಷ್ಟೇ. ಕೊಳೆತಿದ್ದೆಲ್ಲ ಕತ್ತರಿಸಿ, ಗಟ್ಟಿ ತಗಡು ಸಿಗೋ ತನಕ ಕತ್ತರಿಸಿ, 16 ಗೇಜ್ ಶೀಟ್ ಬಗ್ಗಿಸಿ ವೆಲ್ಡ್ ಮಾಡಿದೆ. ವೆಲ್ಡಿಂಗ್ ಮುಂಚೆ ಬ್ಯಾಟರಿ, ಡೈನಮೋ ವೈರ್ ಎರಡೂ ಬಿಚ್ಚಿಟ್ಟೆ. ಒಳಭಾಗಕ್ಕೆ ಎರಡು ಕೋಟ್ ರೆಡ್ ಆಕ್ಸೈಡ್, ನೀರು ಹೋಗೋಕೆ ತಳದಲ್ಲಿ ಆರು ತೂತು ನಾನೇ ಹೊಸದಾಗಿ ಕೊರೆದೆ. ಪೇಂಟ್ ಮಾತ್ರ ತಿಪಟೂರಲ್ಲಿ ಮಾಡಿಸಿದ್ದು.

ಹಳದಿ ಬೋರ್ಡ್ ಗಾಡಿಗೆ ಎಂಟು ವರ್ಷ ದಾಟಿದ್ಮೇಲೆ ಎಫ್‌ಸಿ (ಗಾಡಿ ಓಡಿಸೋಕೆ ಯೋಗ್ಯ ಅನ್ನೋ ಫಿಟ್‌ನೆಸ್ ಸರ್ಟಿಫಿಕೇಟ್) ವರ್ಷಾ ವರ್ಷ ಆಗ್ಬೇಕು, ನಮ್ಮದು ಒಂಬತ್ತು ವರ್ಷದಿಂದ ಬಾಕಿ. ಹೊಗೆ ಪರೀಕ್ಷೇಲಿ ಇಂಥ ಹಳೇ ಡೀಸೆಲ್‌ಗೆ ಮಿತಿ 65 ಎಚ್‌ಎಸ್‌ಯು (ಹೊಗೆ ಎಷ್ಟು ದಟ್ಟ ಅನ್ನೋ ಅಳತೆ), ನಮ್ಮದು 41 ಬಂತು, ಹೊಸ ನಾಝಲ್ ಪುಣ್ಯ. ಬಾಕಿ ಕಟ್ಟಿದ್ದು ಬಿಟ್ಟು ಸಾಮಾನು, ಪಂಪು, ಪೇಂಟು, ಟೈರು ಎಲ್ಲಾ ಸೇರಿ 1 ಲಕ್ಷದ 38 ಸಾವಿರ ಆಯ್ತು. ಮಾರಿದ್ರೆ ಈ ದುಡ್ಡು ವಾಪಸ್ ಬರಲ್ಲ, ಮಾರೋಕೆ ಮಾಡಿದ್ದೂ ಅಲ್ಲ.

ಎಫ್‌ಸಿ ಆದ ದಿನ ಅಪ್ಪನ್ನ ಪಕ್ಕದಲ್ಲಿ ಕೂರಿಸ್ಕೊಂಡು ಹೊರಟೆ. ಎರಡು ಕಿಲೋಮೀಟ್ರು ಮಾತಿಲ್ಲ. ಆಮೇಲೆ, "ಎರಡನೇ ಗೇರಿಗೆ ಒಂದು ಉಸಿರು ತಡೆದು ಹಾಕಪ್ಪ, ಅದು 98ರಿಂದ್ಲೂ ಹಂಗೇ" ಅಂದ್ರು. ತಡೆದು ಹಾಕಿದೆ, ಸದ್ದಿಲ್ಲದೆ ಬಿತ್ತು. ನಾನು ಗೇರ್ ಸಲೀಸಾಗಿ ಬೀಳಿಸೋ ಸಿಂಕ್ರೋ ಹೋಗಿದೆ ಅಂತ ಗೇರ್‌ಬಾಕ್ಸ್ ಬಿಚ್ಚೋ ಯೋಚನೇಲಿದ್ದೆ, ಅದನ್ನ ಅವತ್ತೇ ಬಿಟ್ಟೆ.

ಈಗ ವಾರಕ್ಕೆರಡು ಸಲ ಓಡುತ್ತೆ, ಕೊಬ್ಬರಿ ಚೀಲ ಇಪ್ಪತ್ತರ ಮೇಲೆ ಹೇರಲ್ಲ. ಬಾಕಿ ಇರೋದು ಕ್ರ್ಯಾಂಕ್ ಹಿಂದಿನ ಆಯಿಲ್ ಸೀಲು, ರಾತ್ರಿಗೆ ಏಳೆಂಟು ಹನಿ ಬೀಳುತ್ತೆ, ಕೆಳಗೆ ಒಂದು ಹಳೇ ತಟ್ಟೆ ಇಟ್ಟಿದೀನಿ, ಬೆಳಿಗ್ಗೆ ಎದ್ದು ಅಳತೆ ನೋಡ್ತೀನಿ. ಅದು ಹೆಚ್ಚಾದ ದಿನ ಗೇರ್‌ಬಾಕ್ಸ್ ಇಳಿಸಿ ಸೀಲು, ಕ್ಲಚ್ ಪ್ಲೇಟು ಎರಡೂ ಒಟ್ಟಿಗೇ ಹಾಕೋದು, ಸಾಮಾನು ಈಗಾಗ್ಲೇ ತಂದು ಅಟ್ಟದ ಮೇಲೆ ಇಟ್ಟಿದೀನಿ.