ಪ್ರಾಸ್ಟೇಟ್ ರೇಡಿಯೇಷನ್ ನಂತರ ಮೂತ್ರದ ತೊಂದರೆ: ನಾನು ಹೇಗೆ ನಿಭಾಯಿಸುತ್ತೇನೆ

ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ಕ್ಯಾನ್ಸರಿಗೆ ರೇಡಿಯೇಷನ್ ಆದ ಮೇಲೆ ನನಗೆ ಉರಿಮೂತ್ರ, ಪದೇಪದೇ ಅವಸರ, ರಾತ್ರಿ ನಿದ್ದೆಗೇಡು ಎಲ್ಲ ಒಟ್ಟಿಗೇ ಬಂದವು. ರೇಡಿಯೇಷನ್ ತಗುಲಿ ಮೂತ್ರಕೋಶದ ಒಳಪದರ ಕೆರಳಿರುತ್ತದೆ. ಹೆಚ್ಚಿನವರಿಗೆ ಚಿಕಿತ್ಸೆ ಮುಗಿದ ಕೆಲವು ವಾರ, ತಿಂಗಳುಗಳಲ್ಲಿ ಇದು ಇಳಿಯುತ್ತದೆ.

ಮೊದಲು ಮೂತ್ರ ಪರೀಕ್ಷೆ ಮಾಡಿಸಿ. ಸೋಂಕಿದ್ದರೂ ಹೀಗೇ ಉರಿಯುತ್ತದೆ, ಅದಕ್ಕೆ ಔಷಧಿಯೇ ಬೇರೆ.

ಸುಮ್ನೆ ಹೆದರಿ ನೀರು ಕುಡಿಯುವುದನ್ನು ಬಿಡಬೇಡಿ. ಗಟ್ಟಿ ಮೂತ್ರ ಇನ್ನೂ ಜಾಸ್ತಿ ಉರಿಸುತ್ತದೆ. ಹಗಲಲ್ಲೇ 1.5ರಿಂದ 2 ಲೀಟರ್ ಕುಡಿದು, ಸಂಜೆ 7ರ ನಂತರ ನಾನು ಕಡಿಮೆ ಮಾಡುತ್ತೇನೆ. ಹೃದಯ, ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಕೊಳ್ಳಿ. ಕಾಫಿ ಮೂತ್ರಕೋಶವನ್ನು ಇನ್ನೂ ಕೆರಳಿಸಬಹುದು, ಆದರೆ ಫಿಲ್ಟರ್ ಕಾಫಿ ಬಿಡುವುದು ನಮ್ಮ ಹಾಸನದ ಕಡೆಯವರಿಗೆ ನಿಜಕ್ಕೂ ಕಷ್ಟ. ಬೆಳಗಿನ ಅರ್ಧ ಲೋಟ ಉಳಿಸಿಕೊಂಡೆ, ಮಧ್ಯಾಹ್ನ ಮಜ್ಜಿಗೆ.

ಕೆಗೆಲ್ ವ್ಯಾಯಾಮ, ಅಂದರೆ ಮೂತ್ರ ಹಿಡಿದಿಡುವ ಸ್ನಾಯುಗಳ ವ್ಯಾಯಾಮ, ತುಂಬಾ ಮುಖ್ಯ. ಹೂಸು ತಡೆಯುವಾಗ ಬಿಗಿಯುವ ಸ್ನಾಯು ಇದೆ ಅಲ್ವಾ? ಅದನ್ನು 5 ಸೆಕೆಂಡ್ ಬಿಗಿಹಿಡಿದು, 5 ಸೆಕೆಂಡ್ ಸಡಿಲ ಬಿಡಿ. 10 ಸಲ, ದಿನಕ್ಕೆ ಮೂರು ಹೊತ್ತು. ಹೊಟ್ಟೆ, ತೊಡೆ ಬಿಗಿಯಬಾರದು, ಉಸಿರು ಕಟ್ಟಬಾರದು. ಅವಸರವಾದಾಗ ಓಡಬೇಡಿ. ಅಲ್ಲೇ ನಿಂತು ಅದೇ ಸ್ನಾಯುವನ್ನು ನಾಲ್ಕೈದು ಸಲ ಬೇಗಬೇಗ ಬಿಗಿದು, ಒತ್ತಡ ತಗ್ಗಿದ ಮೇಲೆ ನಡೆಯಿರಿ.

ಧಾರೆ ಸಣ್ಣಗಾದರೆ ಡಾಕ್ಟರು ಮೂತ್ರದ ದಾರಿಯನ್ನು ಸಡಿಲಿಸುವ ಟ್ಯಾಮ್ಸುಲೋಸಿನ್ ಔಷಧಿ ಬರೆಯಬಹುದು. ಅದರಿಂದ ಎದ್ದಾಗ ಬಿಪಿ ಇಳಿದು ತಲೆ ಸುತ್ತಬಹುದು. ರಾತ್ರಿ ಮಂಚದ ಅಂಚಲ್ಲಿ ಸ್ವಲ್ಪ ಹೊತ್ತು ಕೂತು ಏಳಿ.

ಮೂತ್ರ ಪೂರ್ತಿ ಕಟ್ಟಿದರೆ, ರಕ್ತದ ಗಡ್ಡೆ ಬಂದರೆ, ಚಳಿಜ್ವರ ಹಿಡಿದರೆ ಬೆಳಗಾಗಲಿ ಎಂದು ಕಾಯಬೇಡಿ, ಎಮರ್ಜೆನ್ಸಿಗೆ ಹೋಗಿ. ವರ್ಷಗಳ ನಂತರವೂ ಮೂತ್ರದಲ್ಲಿ ರಕ್ತ ಕಾಣಿಸಬಹುದು. ಆಗ ಯಾವ ಡಾಕ್ಟರ ಬಳಿ ಹೋದರೂ ರೇಡಿಯೇಷನ್ ಆಗಿದೆ ಎಂದು ಮೊದಲೇ ಹೇಳಿ.