ಸ್ವಯಂ ಕೋರ್ಸಿಗೆ ಸೇರಿಸುವ ಮುನ್ನ ವಿದ್ಯಾರ್ಥಿಗಳ ಡಿಜಿಟಲ್ ತಯಾರಿ ಅಳೆಯುವುದು ಹೇಗೆ?

‘ಮೊಬೈಲ್ ಬಳಸೋಕೆ ಬರುತ್ತಾ?’ ಎಂದು ಪದವಿ ತರಗತಿಯಲ್ಲಿ ಕೇಳಿದರೆ ಎಲ್ಲರೂ ಕೈ ಎತ್ತುತ್ತಾರೆ. ರೀಲ್ಸ್ ನೋಡಲು, ಯುಪಿಐನಲ್ಲಿ ಹಣ ಕಳಿಸಲು ಅವರಿಗೆ ಬರುತ್ತದೆ, ನಿಜ. ಆದರೆ ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ತಾಣ ಸ್ವಯಂನಲ್ಲಿ, ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟೆಲ್‌ನ 12 ವಾರಗಳ ಕೋರ್ಸ್ ಮುಗಿಸಲು ಬೇಕಾದದ್ದು ಬೇರೆ. ವಾರವಾರ ಗಡುವಿನೊಳಗೆ ಕೊಡಬೇಕಾದ ಅಸೈನ್‌ಮೆಂಟಿಗೆ ಶೇ 25 ಅಂಕ, ಕೇಂದ್ರಕ್ಕೆ ಹೋಗಿ ಕಂಪ್ಯೂಟರಿನಲ್ಲಿ ಬರೆಯುವ ಪರೀಕ್ಷೆಗೆ ಶೇ 75. ಅದಕ್ಕೇ ಕೇಳಿ ತಿಳಿಯುವುದು ಬಿಟ್ಟು, ಮಾಡಿಸಿ ನೋಡಬೇಕು.

ಮೊದಲು ಮನೆಯ ಅನುಕೂಲ ತಿಳಿಯಿರಿ. ಇದನ್ನು ಗೂಗಲ್ ಫಾರ್ಮ್‌ನಲ್ಲಿ ಕೇಳಲೇಬೇಡಿ. ನೆಟ್ ಇಲ್ಲದವರು ಅದನ್ನು ತುಂಬುವುದೇ ಇಲ್ಲ. ಕೊನೆಗೆ ಎಲ್ಲರಿಗೂ ನೆಟ್ ಇದೆ ಎಂಬ ಸುಳ್ಳು ಲೆಕ್ಕ ಕೈಗೆ ಬರುತ್ತದೆ. ಒಂದು ಹಾಳೆ ಕೊಟ್ಟು ಬರೆಸಿ: ಫೋನ್ ಯಾರದು, ಸಂಜೆ ಎಷ್ಟರಿಂದ ಎಷ್ಟರವರೆಗೆ ಕೈಗೆ ಸಿಗುತ್ತದೆ, ಒಟಿಪಿ ಯಾರ ನಂಬರಿಗೆ ಬರುತ್ತದೆ, ದಿನಕ್ಕೆ ಎಷ್ಟು ಡೇಟಾ, ಸಿಗ್ನಲ್ ಮನೆಯೊಳಗೇ ಸಿಗುತ್ತದೆಯೋ ತಾರಸಿಗೆ ಹೋಗಬೇಕೋ. ಜೊತೆಗೆ ಒಂದು ಮನೆಗೆಲಸ: ಓದುವ ಹೊತ್ತಿನಲ್ಲೇ 360ಪಿ ಗುಣಮಟ್ಟದಲ್ಲಿ 30 ನಿಮಿಷದ ವಿಡಿಯೊ ಪಾಠ ನೋಡಿ, ಎಷ್ಟು ಸಲ ನಿಂತಿತು, ಸೆಟ್ಟಿಂಗ್ಸ್‌ನ ಡೇಟಾ ಲೆಕ್ಕ ಎಷ್ಟು ಏರಿತು ಎಂದು ಬರೆದು ತರಲಿ. ಕಾಲೇಜಿನ ವೈಫೈನಲ್ಲಿ ನೋಡಿದರೆ ಇದು ಗೊತ್ತಾಗುವುದಿಲ್ಲ.

ಆಮೇಲೆ ಐದು ಕೆಲಸಗಳ ಪ್ರಾಯೋಗಿಕ ಪರೀಕ್ಷೆ. ಒಂದು ತಂಡಕ್ಕೆ 6 ಮಂದಿ, 20 ನಿಮಿಷ. 60 ಜನರ ತರಗತಿಗೆ 40 ನಿಮಿಷದ 5 ಪೀರಿಯಡ್ ಸಾಕು. ಪ್ರತಿ ಕೆಲಸಕ್ಕೂ ಅಂಕ: ತಾನೇ ಮಾಡಿದರೆ 2, ಒಂದು ಸುಳಿವು ಕೊಟ್ಟ ಮೇಲೆ ಮಾಡಿದರೆ 1, ಆಗದಿದ್ದರೆ 0. ಮೇಷ್ಟ್ರು ವಿದ್ಯಾರ್ಥಿಯ ಫೋನ್ ಮುಟ್ಟಬಾರದು. ಪಕ್ಕದವರು ಬೆರಳು ತೋರಿಸಿದರೂ ಅದು ಸುಳಿವೇ.

ಮೊದಲ ಕೆಲಸ ಲಾಗಿನ್. ಇಮೇಲ್‌ನಿಂದ ಹೊರಬಂದು, ಪಾಸ್‌ವರ್ಡ್ ಹಾಕಿ ಮತ್ತೆ ಒಳಹೋಗಲಿ. ಹೊರಬರಿಸುವ ಮುಂಚೆ ಪಾಸ್‌ವರ್ಡ್ ನೆನಪಿದೆಯೇ ಎಂದು ಕೇಳಿ. ಇಲ್ಲವೆಂದರೆ ಆ ಕೆಲಸವನ್ನಷ್ಟೇ ನಿಲ್ಲಿಸಿ 0 ಬರೆಯಿರಿ. ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ. ಸ್ಕಾಲರ್‌ಶಿಪ್ ಅರ್ಜಿ ಹಾಕುವಾಗ ಸೈಬರ್ ಸೆಂಟರಿನವರು ಮಾಡಿಕೊಟ್ಟ ಇಮೇಲ್. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ, ಒಟಿಪಿ ಹೋಗುವುದು ಹೊಲದಲ್ಲಿರುವ ಅಪ್ಪನ ಫೋನಿಗೆ. ಇಂಥವರಿಗೆ ಅಪ್ಪ ಮನೆಯಲ್ಲಿರುವ ಹೊತ್ತಿನಲ್ಲಿ ಅದನ್ನು ಸರಿಪಡಿಸಿಕೊಂಡು ಬರಲು ಹೇಳಿ. ಬೇರೆ ಯಾವ ತರಬೇತಿಯೂ ಅದಾದ ಮೇಲೆಯೇ.

ಎರಡನೆಯದು, ಕಳಿಸಿದ ಪಿಡಿಎಫ್ ಡೌನ್‌ಲೋಡ್ ಮಾಡಿ, ಮುಚ್ಚಿ, ಫೈಲ್ಸ್ ಆ್ಯಪ್‌ನಲ್ಲಿ ಹುಡುಕಿ ತೆಗೆಯುವುದು. ತೆರೆಯುವುದು ಎಲ್ಲರಿಗೂ ಸುಲಭ, ಮತ್ತೆ ಹುಡುಕುವುದು ಕಷ್ಟ. ಮೂರನೆಯದಕ್ಕೆ ನಾಲ್ಕೈದು ಸಾಲಿನ ಇಂಗ್ಲಿಷ್ ಮೇಲ್ ಕಳಿಸಿ, ಅದರಿಂದ ಪರೀಕ್ಷೆ ನೋಂದಣಿಯ ಕೊನೆಯ ದಿನ ಹೇಳಿಸಿ. ಕೋರ್ಸಿಗೆ ಸೇರಿದರೆ ಪರೀಕ್ಷೆಗೂ ಹೆಸರು ಬಂತು ಎಂದುಕೊಂಡವರು ತುಂಬ. ಅದಕ್ಕೆ ಬೇರೆಯೇ ನೋಂದಣಿ, ಬೇರೆ ಶುಲ್ಕ. ನಾಲ್ಕನೆಯದು, 5 ಪ್ರಶ್ನೆಗಳ ಕ್ವಿಜ್. ಉತ್ತರ ಸರಿಯೋ ತಪ್ಪೋ ಲೆಕ್ಕಕ್ಕಿಲ್ಲ, ಕೊನೆಗೆ ಸಬ್‌ಮಿಟ್ ಒತ್ತಿದರೋ ಇಲ್ಲವೋ ನೋಡಿ. ಐದನೆಯದನ್ನು ಲ್ಯಾಬಿನ ಕಂಪ್ಯೂಟರಿನಲ್ಲೇ ಮಾಡಿಸಿ: ಮೌಸ್ ಹಿಡಿದು ಪುಟ ಸರಿಸಿ, ಆಯ್ಕೆ ಬದಲಿಸಿ, ಒಂದು ಸಂಖ್ಯೆ ಟೈಪ್ ಮಾಡಲಿ. ಫೋನಿನಲ್ಲಿ ಚುರುಕಾದ ಬೆರಳು ಮೌಸ್ ಮೇಲೆ ತಡವರಿಸುವುದನ್ನು ಪರೀಕ್ಷೆಯ ದಿನ ಕಾಣುವುದಕ್ಕಿಂತ ಇಲ್ಲೇ ಕಾಣುವುದು ಒಳ್ಳೆಯದು.

ಒಟ್ಟು 10 ಅಂಕ. ಆದರೆ ಮೊತ್ತ ನೋಡಿ ತೀರ್ಮಾನಿಸಬೇಡಿ. 8 ಬಂದರೂ ಲಾಗಿನ್‌ನಲ್ಲಿ 0 ಇದ್ದರೆ ಆ ವಿದ್ಯಾರ್ಥಿ ತಯಾರಿಲ್ಲ. ಮನೆಯ ಅನುಕೂಲವನ್ನೂ ಕೌಶಲವನ್ನೂ ಕೂಡಿಸಿ ಒಂದೇ ಅಂಕ ಮಾಡುವುದು ದೊಡ್ಡ ತಪ್ಪು. ಕೆಲಸ ಬಲ್ಲ, ಫೋನ್ ಸಿಗದ ಹುಡುಗಿಗೆ ತರಬೇತಿ ಕೊಟ್ಟು ಏನೂ ಪ್ರಯೋಜನವಿಲ್ಲ. ಆಕೆಗೆ ವಾರಕ್ಕೆ ಮೂರು ಗಂಟೆ ಲ್ಯಾಬ್ ಬಿಟ್ಟುಕೊಡಿ. ಫೋನ್ ಇದ್ದೂ ಕೆಲಸ ಬಾರದವನಿಗೆ, 2 ಪಡೆದ ಸಹಪಾಠಿಯನ್ನು ಜೊತೆ ಕೂರಿಸಿ.

ನಾಲ್ಕು ವಾರ ಬಿಟ್ಟು, 0 ಮತ್ತು 1 ಬಂದ ಕೆಲಸಗಳನ್ನಷ್ಟೇ ಮತ್ತೆ ಮಾಡಿಸಿ. ಫೈಲ್, ಮೇಲ್, ಕ್ವಿಜ್ ಮೂರೂ ಹೊಸದಿರಲಿ. ಹಳೆಯದನ್ನೇ ಕೊಟ್ಟರೆ ಒತ್ತಬೇಕಾದ ಜಾಗವನ್ನು ಬಾಯಿಪಾಠ ಮಾಡಿಕೊಂಡು ಬಂದಿರುತ್ತಾರೆ.